39 ಅಂಕಿಗಳ ಅವಿಭಾಜ್ಯ: ಕೈಲೆಕ್ಕಕ್ಕೆ ದಕ್ಕಿದ ಅತಿದೊಡ್ಡ ಸಂಖ್ಯೆಯ ಹಿನ್ನೆಲೆ

127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ 170141183460469231731687303715884105727 ಎಂಬ ಸಂಖ್ಯೆ, ಅಂದರೆ 2¹²⁷−1, ದೊರೆಯುತ್ತದೆ. ಇದು ಅವಿಭಾಜ್ಯವೆಂದು ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1876ರಲ್ಲಿ ತೋರಿಸಿದರು. ಯಂತ್ರದ ನೆರವಿಲ್ಲದೆ ಪತ್ತೆಯಾದ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ಅತಿದೊಡ್ಡದು.

ಕಥೆ ಆರಂಭವಾಗುವುದು ಪಾದ್ರಿ ಮರಾಂ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಒಂದು ಪಟ್ಟಿಯಿಂದ. 257ರವರೆಗಿನ ಯಾವ ಯಾವ ಘಾತಗಳಿಗೆ 2ರ ಘಾತದಲ್ಲಿ ಒಂದು ಕಳೆದ ಸಂಖ್ಯೆ ಅವಿಭಾಜ್ಯವಾಗುತ್ತದೆ ಎಂದು ಅವರು ಹೇಳಿದ್ದರು. ಪಟ್ಟಿಯಲ್ಲಿದ್ದ 67 ಮತ್ತು 257 ತಪ್ಪೆಂದೂ, 61, 89, 107 ಬಿಟ್ಟುಹೋಗಿದ್ದವೆಂದೂ ಮುಂದೆ ತಿಳಿಯಿತು. 127 ಸರಿಯಾಗಿಯೇ ಇತ್ತು. ಆದರೆ ಅದನ್ನು ಸಾಧಿಸುವ ದಾರಿ ಆಗ ಯಾರಿಗೂ ಗೊತ್ತಿರಲಿಲ್ಲ. 1772ರಲ್ಲಿ ಗಣಿತಜ್ಞ ಆಯ್ಲರ್ 2³¹−1 ಅವಿಭಾಜ್ಯವೆಂದು ತೋರಿಸಿದ್ದು ಸಾಧ್ಯವಿರುವ ಭಾಜಕಗಳನ್ನು ಜಾಣ್ಮೆಯಿಂದ ಕಡಿಮೆ ಮಾಡಿಕೊಂಡು, ಉಳಿದವುಗಳಿಂದ ಭಾಗಿಸಿ ನೋಡುವ ಮೂಲಕ. 2¹²⁷−1ರ ವರ್ಗಮೂಲವೇ 20 ಅಂಕಿಗಳದ್ದಾಗಿರುವಾಗ, ಆ ದಾರಿಯಲ್ಲಿ ಒಂದು ಆಯುಷ್ಯ ಸಾಲದು.

ಲ್ಯೂಕಾ ಭಾಗಿಸುವ ಗೋಜಿಗೇ ಹೋಗಲಿಲ್ಲ. ಹಿಂದಿನ ಎರಡು ಸಂಖ್ಯೆಗಳನ್ನು ಕೂಡಿಸುತ್ತ ಸಾಗುವ ಫಿಬೊನಾಚಿ ಸರಣಿಯ ಗುಣಗಳಿಂದ ಅವರು ಕಂಡುಕೊಂಡ ಪರೀಕ್ಷೆಯನ್ನು 2⁷−1, ಅಂದರೆ 127ರ ಮೇಲೆಯೇ ಮಾಡಿ ನೋಡಬಹುದು. 3ರಿಂದ ಆರಂಭಿಸಿ, ಪ್ರತಿ ಸಲವೂ ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು: 3, 7, 47, 48, 16, ಕೊನೆಗೆ 0. ಘಾತ 7ಕ್ಕಿಂತ ಎರಡು ಕಡಿಮೆ, ಅಂದರೆ ಐದನೆಯ ಹೆಜ್ಜೆಗೆ ಸೊನ್ನೆ ಬಂದಿತು, ಹಾಗಾಗಿ 127 ಅವಿಭಾಜ್ಯ. 2¹²⁷−1ಕ್ಕೆ ಇಂಥ 125 ಹೆಜ್ಜೆಗಳು ಬೇಕು. ಲ್ಯೂಕಾ ಈ ಲೆಕ್ಕವನ್ನು 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ, ಸಾಲಿಗೆ 127 ಮನೆಗಳಿರುವ ಚದುರಂಗದ ಹಾಸಿನಂಥ ಹಲಗೆಯ ಮೇಲೆ ನಡೆಸುವ ಕ್ರಮವನ್ನು ರೂಪಿಸಿದರು. ನನ್ನ ದೃಷ್ಟಿಯಲ್ಲಿ ಇಲ್ಲಿನ ನಿಜವಾದ ಸಾಧನೆ ಸಂಖ್ಯೆಯ ಗಾತ್ರವಲ್ಲ, ಒಂದೇ ಒಂದು ಭಾಜಕವನ್ನೂ ಹುಡುಕದೆ ಅವಿಭಾಜ್ಯತೆಯನ್ನು ನಿರ್ಣಯಿಸಬಹುದೆಂಬ ಅರಿವು. ಇದೇ ಬಗೆಯ ವಿಧಾನದಿಂದ 2⁶⁷−1 ಅವಿಭಾಜ್ಯವಲ್ಲವೆಂದೂ ಲ್ಯೂಕಾ ತೋರಿಸಿದರು, ಆದರೆ ಅದರ ಅಪವರ್ತನಗಳು 193707721 ಮತ್ತು 761838257287 ಎಂಬುದನ್ನು ಜಗತ್ತಿಗೆ ತಿಳಿಸಲು ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ 1903ರಲ್ಲಿ ಬರಬೇಕಾಯಿತು.

ಅತಿದೊಡ್ಡ ಅವಿಭಾಜ್ಯವೆಂಬ ಪಟ್ಟ 2¹²⁷−1ರ ಬಳಿ 1951ರವರೆಗೆ ಉಳಿಯಿತು. ಆ ವರ್ಷ ಫೆರಿಯೆ ಎಂಬವರು ಮೇಜಿನ ಯಾಂತ್ರಿಕ ಗಣಕದಿಂದ 44 ಅಂಕಿಗಳ ಅವಿಭಾಜ್ಯವೊಂದನ್ನು ಕಂಡುಹಿಡಿದರು. 1952ರಲ್ಲಿ ಗಣಿತಜ್ಞ ರಾಬಿನ್ಸನ್ ಬರೆದ ಪ್ರೋಗ್ರಾಂ ಅಮೆರಿಕದ ಸ್ವ್ಯಾಕ್ ಎಂಬ ಕಂಪ್ಯೂಟರಿನಲ್ಲಿ 2⁵²¹−1 ಅನ್ನು ಪತ್ತೆಮಾಡಿತು. ಆ ಕಂಪ್ಯೂಟರ್ ನಡೆಸಿದ್ದು, ಗಣಿತಜ್ಞ ಲೆಹ್ಮರ್ ಸರಳಗೊಳಿಸಿದ್ದ ಲ್ಯೂಕಾ ಪರೀಕ್ಷೆಯನ್ನೇ.

ಈ ಸಂಖ್ಯೆಗೆ ಇನ್ನೊಂದು ವಿಶೇಷವಿದೆ. 2ರ ಘಾತದಿಂದ ಒಂದು ಕಳೆಯುವಾಗ ಘಾತವಾಗಿ 2 ಇಟ್ಟರೆ 3, 3 ಇಟ್ಟರೆ 7, 7 ಇಟ್ಟರೆ 127, 127 ಇಟ್ಟರೆ ಇದೇ ಸಂಖ್ಯೆ ಬರುತ್ತದೆ, ಮತ್ತು ಮೊದಲ 2 ಸೇರಿ ಐದೂ ಅವಿಭಾಜ್ಯಗಳು. ಈ ಸರಪಳಿಯನ್ನು ಗಮನಿಸಿದವರು ಗಣಿತಜ್ಞ ಯೂಜೀನ್ ಕ್ಯಾಟಲಾನ್. ಅದರ ಮುಂದಿನ ಸಂಖ್ಯೆಯಲ್ಲಿರುವ ಅಂಕಿಗಳ ಎಣಿಕೆಯೇ 38 ಅಂಕಿಗಳಷ್ಟು ದೊಡ್ಡದು. ಲ್ಯೂಕಾ ಪರೀಕ್ಷೆಯನ್ನು ಅದರ ಮೇಲೆ ನಡೆಸುವುದು ಯಾವ ಕಂಪ್ಯೂಟರಿಗೂ ಸಾಧ್ಯವಿಲ್ಲದ್ದರಿಂದ, ಚಿಕ್ಕ ಭಾಜಕವೇನಾದರೂ ಸಿಕ್ಕೀತೇ ಎಂದು ಗಣಿತಜ್ಞರು ಮತ್ತೆ ಭಾಗಿಸಿಯೇ ನೋಡುತ್ತಿದ್ದಾರೆ.