ಇಬ್ಬರು ಮಕ್ಕಳು, ಒಂದೇ ಚಲನೆ: ಅಪರೂಪದ ಮಿದುಳು ಕಾಯಿಲೆಯ ಅಧ್ಯಯನ ಬೆಳೆದ ಬಗೆ

1954ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ ಅವರನ್ನು ಕಾಣಲು ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ತಾಯಂದಿರ ಮಡಿಲಲ್ಲಿ ಅಕ್ಕಪಕ್ಕ ಕುಳಿತಿದ್ದರು. ಇಬ್ಬರೂ ಕೈ ತೊಳೆಯುವವರಂತೆ ಅಂಗೈಗಳನ್ನು ಎಡೆಬಿಡದೆ ಉಜ್ಜಿಕೊಳ್ಳುತ್ತಿದ್ದರು. ಬೇರೆ ಬೇರೆ ದಿನ ಬಂದಿದ್ದರೆ ಈ ಸಾಮ್ಯ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ರೆಟ್ ಹಳೆಯ ಕಡತಗಳನ್ನು ಜಾಲಾಡಿ, ಇಂಥ ಇನ್ನೂ ಕೆಲವು ಮಕ್ಕಳನ್ನು ಪತ್ತೆಹಚ್ಚಿದರು.

ಅಪರೂಪದ ಮಿದುಳು ಮತ್ತು ವರ್ತನೆಯ ಕಾಯಿಲೆಗಳಿಗೆಂದೇ ಇರುವ ಸಂಶೋಧನಾ ಘಟಕಗಳ ಮೂಲ ಕೆಲಸವೂ ಇದೇ: ಚದುರಿಹೋದ ರೋಗಿಗಳನ್ನು ಒಂದೆಡೆ ಕಲೆಹಾಕಿ ನೋಡುವುದು.

ರೆಟ್ ಕಂಡ ಆ ಕಾಯಿಲೆಗೆ ಈಗ ಅವರದೇ ಹೆಸರು: ರೆಟ್ ಸಿಂಡ್ರೋಮ್. ಅದು ಸುಮಾರು 10,000 ಹೆಣ್ಣುಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಮೊದಲ ಕೆಲವು ತಿಂಗಳು ಮಗು ಎಲ್ಲರಂತೆಯೇ ಬೆಳೆಯುತ್ತದೆ. ಆಮೇಲೆ ಕಲಿತ ಮಾತು, ಕೈಯಲ್ಲಿ ವಸ್ತು ಹಿಡಿಯುವ ಶಕ್ತಿ ಒಂದೊಂದಾಗಿ ಕಳಚಿಕೊಳ್ಳುತ್ತವೆ. ರೆಟ್ 1966ರಲ್ಲಿ ಜರ್ಮನ್ ಭಾಷೆಯಲ್ಲಿ ಇದನ್ನು ಪ್ರಕಟಿಸಿದರೂ ವೈದ್ಯಲೋಕ ಕಿವಿಗೊಡಲಿಲ್ಲ. 1983ರಲ್ಲಿ ಸ್ವೀಡನ್ನಿನ ಬೆಂಗ್ಟ್ ಹಾಗ್ಬರ್ಗ್ ಮತ್ತು ಸಂಗಡಿಗರು 35 ಹುಡುಗಿಯರ ವಿವರಗಳನ್ನು ಇಂಗ್ಲಿಷಿನಲ್ಲಿ ಬರೆದ ಮೇಲಷ್ಟೇ ಕಾಯಿಲೆಗೆ ಮನ್ನಣೆ ದೊರೆಯಿತು. ನಡುವಿನ ಹದಿನೇಳು ವರ್ಷ ವಿನಾಕಾರಣ ಕಳೆದುಹೋದವು ಎನ್ನದೆ ವಿಧಿಯಿಲ್ಲ.

ಅಪರೂಪದ ಕಾಯಿಲೆಗೆ ಔಷಧ ತಯಾರಿಸಿದರೆ ಲಾಭವಿಲ್ಲವೆಂದು ಕಂಪನಿಗಳು ಹಿಂಜರಿಯುತ್ತಿದ್ದ ಕಾಲವದು. ಎರಡು ಲಕ್ಷಕ್ಕಿಂತ ಕಡಿಮೆ ಜನರನ್ನು ಬಾಧಿಸುವ ಕಾಯಿಲೆಗಳ ಔಷಧಗಳಿಗೆ ಉತ್ತೇಜನ ನೀಡುವ ಕಾನೂನನ್ನು ಅಮೆರಿಕ ತಂದದ್ದೂ 1983ರಲ್ಲೇ.

1999ರಲ್ಲಿ ಅಮೆರಿಕದ ವಿಜ್ಞಾನಿ ಹುದಾ ಜೋಗ್ಬಿ ಅವರ ತಂಡ ಎಕ್ಸ್ ವರ್ಣತಂತುವಿನಲ್ಲಿ ಕಾರಣವಾದ ವಂಶವಾಹಿಯನ್ನು ಗುರುತಿಸಿತು. ಆದರೆ ವಂಶವಾಹಿ ಸಿಕ್ಕಿತೆಂದು ರೋಗಿಯನ್ನು ನೋಡುವ ಕೆಲಸ ಮುಗಿಯುವುದಿಲ್ಲ. ಈ ಕಾಯಿಲೆ ಬೇಗನೆ ಹದಗೆಟ್ಟು, ಬಳಿಕ ವರ್ಷಗಟ್ಟಲೆ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಇದು ಗೊತ್ತಿಲ್ಲದ ವೈದ್ಯರು ಆ ಸ್ತಬ್ಧ ಹಂತದಲ್ಲಿ ಔಷಧ ಕೊಟ್ಟರೆ, ಕಾಯಿಲೆ ಔಷಧದಿಂದಲೇ ನಿಂತಿತೆಂದು ನಂಬಿಬಿಡಬಹುದು. ಆದ್ದರಿಂದಲೇ ಘಟಕಗಳು ಅವೇ ಮಕ್ಕಳನ್ನು ಮತ್ತೆ ಮತ್ತೆ ಕರೆಸಿ ಉಸಿರಾಟ, ನಡಿಗೆ, ಮೂರ್ಛೆ, ಕೈಗಳ ಬಳಕೆಯನ್ನು ದಾಖಲಿಸುತ್ತವೆ. ಬೇಸರದ ಕೆಲಸ, ಸುದ್ದಿಯಾಗುವುದೂ ಅಪರೂಪ.

2007ರಲ್ಲಿ ಬ್ರಿಟನ್ನಿನ ವಿಜ್ಞಾನಿ ಏಡ್ರಿಯನ್ ಬರ್ಡ್ ಅವರ ತಂಡ ಇಲಿಗಳಲ್ಲಿ ಈ ವಂಶವಾಹಿಯನ್ನು ಮತ್ತೆ ಚಾಲೂ ಮಾಡಿದಾಗ ಲಕ್ಷಣಗಳು ಹಿಮ್ಮೆಟ್ಟಿದವು. 2023ರಲ್ಲಿ ಟ್ರೋಫಿನೆಟೈಡ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಕಾಯಿಲೆಯನ್ನು ವಾಸಿಮಾಡುವುದಿಲ್ಲ, ಭೇದಿಯ ಕಾಟವೂ ಇದೆ. ಸರಿಯಾದ ವಂಶವಾಹಿಯನ್ನು ದೇಹಕ್ಕೆ ಸೇರಿಸುವ ವಂಶವಾಹಿ ಚಿಕಿತ್ಸೆಯ ತೊಡಕೇ ಬೇರೆ: ಈ ವಂಶವಾಹಿ ತಯಾರಿಸುವ ಪ್ರೋಟೀನ್ ಕಡಿಮೆಯಾದರೆ ರೆಟ್ ಸಿಂಡ್ರೋಮ್, ಹೆಚ್ಚಾದರೆ ಅಷ್ಟೇ ತೀವ್ರವಾದ ಮತ್ತೊಂದು ಮಿದುಳು ಕಾಯಿಲೆ.