ಕ್ಷಾಮ ಎಂಬ ಪದಕ್ಕೆ ಸರ್ಕಾರಗಳು ಯಾಕೆ ಹೆದರುತ್ತವೆ?

ಕ್ಷಾಮದ ಮಾತು ಬಂದಾಗೆಲ್ಲ ಜಗಳ ಒಂದೇ ಕಡೆ ತಿರುಗುತ್ತದೆ. ಒಬ್ಬರು ಸ್ಟಾಲಿನ್, ಮಾವೋ ಹೆಸರೆತ್ತಿ ಕಮ್ಯುನಿಸಂ ಕೋಟಿಗಟ್ಟಲೆ ಜನರನ್ನು ಕೊಂದಿತು ಅನ್ನುತ್ತಾರೆ. ಇನ್ನೊಬ್ಬರು ಐರ್ಲೆಂಡ್, ಬಂಗಾಳದ ಲೆಕ್ಕ ತೆಗೆದು ಬಂಡವಾಳಶಾಹಿ ಏನು ಕಡಿಮೆಯಾ ಅನ್ನುತ್ತಾರೆ. ಸತ್ತವರನ್ನು ಹೀಗೆ ತಕ್ಕಡಿಗೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಧಾನ್ಯ ಎಲ್ಲಿತ್ತು, ಜನ ಸಾಯುತ್ತಿರುವುದು ಸರ್ಕಾರಕ್ಕೆ ಯಾವಾಗ ತಿಳಿಯಿತು, ತಿಳಿದ ಮೇಲೆ ಅದು ಬಾಯಿಬಿಟ್ಟು ಒಪ್ಪಿಕೊಂಡಿತಾ? ಹೊಣೆ ಯಾರದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ಬಡಿಯಿತು. ಬಡವರ ಹೊಟ್ಟೆ ತುಂಬುತ್ತಿದ್ದುದೇ ಆಲೂಗಡ್ಡೆಯಿಂದ. ಪ್ರಧಾನಿ ರಾಬರ್ಟ್ ಪೀಲ್ ಅಮೆರಿಕದಿಂದ ಮೆಕ್ಕೆಜೋಳ ತರಿಸಿದರು. 1846ರಲ್ಲಿ ಬಂದ ಹೊಸ ಸರ್ಕಾರಕ್ಕೆ ಮಾತ್ರ ವ್ಯಾಪಾರಕ್ಕೆ ಕೈಹಾಕಬಾರದು ಎಂಬ ಗಟ್ಟಿ ನಂಬಿಕೆ. ಐರಿಷ್ ಧಾನ್ಯ, ದನಕರು ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. 1847ರ ಬೇಸಿಗೆಯಲ್ಲಿ ಗಂಜಿ ಕೇಂದ್ರ ತೆರೆದು ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಉಣಿಸಿದರು, ಅಂದರೆ ಮನಸ್ಸು ಮಾಡಿದರೆ ಆಗುತ್ತಿತ್ತು. ಕೆಲವೇ ತಿಂಗಳಲ್ಲಿ ಅವನ್ನೂ ಮುಚ್ಚಿ, ಖರ್ಚನ್ನು ಸ್ಥಳೀಯ ತೆರಿಗೆಯ ಮೇಲೆ ಹೊರಿಸಿದರು. ಖಜಾನೆಯ ಹಿರಿಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್ ಪಾಲಿಗೆ ಕ್ಷಾಮ ಮುಗಿದಿತ್ತು. ಸಾಯುವವರು ಇನ್ನೂ ಸಾಯುತ್ತಿದ್ದರು. ಒಟ್ಟು ಸುಮಾರು 10 ಲಕ್ಷ ಜನ ಹೋದರು.

ನನ್ನನ್ನು ಜಾಸ್ತಿ ಕಾಡುವುದು ರಿಚರ್ಡ್ ಟೆಂಪಲ್ ಕಥೆ. 1873-74ರಲ್ಲಿ ಬಿಹಾರದಲ್ಲಿ ಮಳೆ ಕೈಕೊಟ್ಟಾಗ ಈ ಬ್ರಿಟಿಷ್ ಅಧಿಕಾರಿ ಬರ್ಮಾದಿಂದ ಸುಮಾರು 5 ಲಕ್ಷ ಟನ್ ಅಕ್ಕಿ ತರಿಸಿದ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಬೆನ್ನು ತಟ್ಟಬೇಕಿತ್ತು ಅಲ್ವಾ? ದುಂದುವೆಚ್ಚ ಮಾಡಿದ ಎಂದು ಬೈಸಿಕೊಂಡ. 1877ರಲ್ಲಿ ದಕ್ಷಿಣದಲ್ಲಿ ಇನ್ನೂ ದೊಡ್ಡ ಕ್ಷಾಮ ಬಿದ್ದಾಗ ವೈಸರಾಯ್ ಲಿಟ್ಟನ್ ಅದೇ ಟೆಂಪಲ್‌ನನ್ನು ಖರ್ಚು ಇಳಿಸಲು ಮದ್ರಾಸಿಗೆ ಕಳಿಸಿದ. ಈ ಸಲ ಅವನು ಪರಿಹಾರ ಕಾಮಗಾರಿಯ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಗೆ ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕೆಜಿಯೂ ಇಲ್ಲ. ಬಿಸಿಲಲ್ಲಿ ಮಣ್ಣು ಹೊರುವ ಮೈಗೆ ಇದು ಸಾಲದು ಎಂದು ಮದ್ರಾಸಿನ ಆರೋಗ್ಯ ಅಧಿಕಾರಿ ಕಾರ್ನಿಶ್ ಜಗಳಕ್ಕೇ ನಿಂತ, ಕೆಲವು ತಿಂಗಳ ಮೇಲೆ ಕೂಲಿ ಏರಿಸಬೇಕಾಯಿತು. ನಾವು ಧಾತು-ಈಶ್ವರ ಬರ ಅನ್ನುವುದು ಈ ಕ್ಷಾಮವನ್ನೇ. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು.

ಇಷ್ಟು ಸಾವಾದ ಮೇಲೆ 1880ರ ಕ್ಷಾಮ ಆಯೋಗ ಬಂತು, 1883ರಲ್ಲಿ ಕ್ಷಾಮ ಸಂಹಿತೆಯೂ ಬಂತು. ಕ್ಷಾಮ ಎಂದು ಘೋಷಿಸಿದರೆ ದುಡಿಯುವವರಿಗೆ ಕೆಲಸ ಕೊಡಬೇಕು, ಕೈಲಾಗದವರಿಗೆ ಊಟ ಹಾಕಬೇಕು. ಒಳ್ಳೆಯ ನಿಯಮವೇ. ಆದರೆ ಘೋಷಿಸದೇ ಸುಮ್ನೆ ಕೂತರೆ? 1943ರಲ್ಲಿ ಬಂಗಾಳದಲ್ಲಿ ಆದದ್ದು ಅದೇ. ಬರ್ಮಾ ಜಪಾನಿನ ಪಾಲಾಗಿತ್ತು, ಶತ್ರುವಿಗೆ ಸಿಗಬಾರದು ಎಂದು ಸರ್ಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತ್ತು, 1942ರ ಅಕ್ಟೋಬರಿನಲ್ಲಿ ಚಂಡಮಾರುತ ಬೇರೆ ಬಡಿದಿತ್ತು, ಅಕ್ಕಿಯ ಬೆಲೆ ಕೂಲಿಯವರ ಕೈಗೆಟುಕದಷ್ಟು ಏರಿತ್ತು. ಕಲ್ಕತ್ತಾದ ಬೀದಿಗಳಲ್ಲಿ ಹೆಣ ಬಿದ್ದರೂ ಸಂಹಿತೆಯ ಪ್ರಕಾರ ಘೋಷಣೆ ಆಗಲೇ ಇಲ್ಲ. ಆಗಸ್ಟ್‌ನಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ ಫೋಟೊ ಹಾಕಿದ ಮೇಲೆ ಮುಚ್ಚಿಡಲು ಆಗಲಿಲ್ಲ. ಅಕ್ಟೋಬರಿನಲ್ಲಿ ಹೊಸ ವೈಸರಾಯ್ ವೇವೆಲ್ ಸೈನ್ಯವನ್ನು ಪರಿಹಾರಕ್ಕೆ ಇಳಿಸಿದ. ಒಟ್ಟು ಸತ್ತವರು 30 ಲಕ್ಷದ ಆಸುಪಾಸು ಎಂಬ ಅಂದಾಜಿದೆ.

ಇದು ವ್ಯಾಪಾರ ನಂಬಿದವರ ಕಥೆ. ಧಾನ್ಯಕ್ಕೆಲ್ಲ ಸರ್ಕಾರವೇ ಒಡೆಯನಾದ ಕಡೆ ಇನ್ನೂ ಭೀಕರವಾಯಿತು. ಅಲ್ಲಿ ಲೆವಿ, ಅಂದರೆ ರೈತರಿಂದ ಕಡ್ಡಾಯವಾಗಿ ಧಾನ್ಯ, ಎತ್ತುವುದೂ, ಲೆಕ್ಕ ಬರೆಯುವುದೂ, ಸುದ್ದಿ ಅಚ್ಚು ಹಾಕುವುದೂ ಒಂದೇ ಕೈ. 1921ರ ಕ್ಷಾಮದಲ್ಲಿ ಸೋವಿಯತ್ ಸರ್ಕಾರ ಅಮೆರಿಕದ ನೆರವನ್ನು ಒಪ್ಪಿಕೊಂಡಿತ್ತು. 1932-33ರಲ್ಲಿ ಕ್ಷಾಮ ಇದೆ ಎಂದೇ ಒಪ್ಪಲಿಲ್ಲ. 1932ರ ಆಗಸ್ಟ್ 7ರ ಕಾನೂನಿನ ಪ್ರಕಾರ ಸಾಮೂಹಿಕ ಹೊಲದಿಂದ ಕದ್ದರೆ ಗುಂಡು, ಕರುಣೆ ತೋರಿದರೆ 10 ವರ್ಷ ಜೈಲು. ಕೊಯ್ದ ಹೊಲದಲ್ಲಿ ನಾಲ್ಕು ತೆನೆ ಆಯ್ದವರೂ ಸಿಕ್ಕಿಬಿದ್ದರು. 1933ರ ಜನವರಿಯಲ್ಲಿ ಉಕ್ರೇನಿನ ರೈತರು ಊಟ ಹುಡುಕಿಕೊಂಡು ಹೊರಗೆ ಹೋಗದಂತೆ ತಡೆದರು. ಧಾನ್ಯದ ರಫ್ತು ಮಾತ್ರ ನಿಲ್ಲಲಿಲ್ಲ. ಉಕ್ರೇನಿನಲ್ಲೇ 35 ಲಕ್ಷಕ್ಕೂ ಹೆಚ್ಚು ಜನ ಸತ್ತರು ಎಂಬ ಅಂದಾಜಿದೆ.

ಚೀನಾದಲ್ಲಿ 1958ರಿಂದ ಕೆಳಗಿನ ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಇಲ್ಲದ ಇಳುವರಿ ಬರೆದರು, ಆ ಸುಳ್ಳು ಲೆಕ್ಕದ ಮೇಲೆ ಲೆವಿ ಬಿತ್ತು, ಬಿತ್ತನೆ ಬೀಜವೂ ಹೋಯಿತು. 1959ರಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯಿ ಮಾವೋಗೆ ಪತ್ರ ಬರೆದು ತಪ್ಪಾಗುತ್ತಿದೆ ಎಂದರು, ಪದವಿ ಹೋಯಿತು. ಆಮೇಲೆ ಯಾರು ಬಾಯಿ ತೆರೆಯುತ್ತಾರೆ? 1962ರಲ್ಲಿ ದೇಶದ ಅಧ್ಯಕ್ಷ ಲಿಯು ಶಾವೊಚಿ ಪಕ್ಷದ ದೊಡ್ಡ ಸಭೆಯಲ್ಲಿ ಹುನಾನ್ ರೈತರ ಮಾತನ್ನೇ ಮುಂದಿಟ್ಟರು: ಮೂರು ಪಾಲು ಪ್ರಕೃತಿಯದು, ಏಳು ಪಾಲು ಮನುಷ್ಯರದು. ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಹೋಗುತ್ತದೆ.

ಅಮರ್ತ್ಯ ಸೇನ್ ಹೇಳುವುದು, ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆ ಇರುವ ಕಡೆ ಇಂಥ ಕ್ಷಾಮ ಬೀಳುವುದಿಲ್ಲ, ಕೇಳುವವರಿದ್ದಾರೆ ಎಂಬ ಭಯ ಸರ್ಕಾರಕ್ಕಿರುತ್ತದೆ ಎಂದು. ನಾನಿದನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ದಿನದಿನವೂ ಅರೆಹೊಟ್ಟೆಯಲ್ಲಿ ಸವೆಯುವವರ ಸಾವು ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಸೇನ್ ಕೂಡ ಇದನ್ನು ಹೇಳಿದ್ದಾರೆ.

ಪ್ರಜಾಪ್ರಭುತ್ವದಲ್ಲೂ ಪದದ ಭಯ ಹೋಗಿಲ್ಲ. 1963ರಲ್ಲಿ ಮಹಾರಾಷ್ಟ್ರ ತನ್ನ ಕಾನೂನುಗಳಿಂದ 'ಕ್ಷಾಮ' ಎಂಬ ಪದ ತೆಗೆದು 'ಅಭಾವ' ಎಂದು ಹಾಕಲು ಒಂದು ಕಾಯ್ದೆಯನ್ನೇ ಮಾಡಿತು. ಒಂಬತ್ತು ವರ್ಷದ ಮೇಲೆ ಭಾರೀ ಬರ ಬಿತ್ತು. ಅಲ್ಲಿ ಜನ ಸುಮ್ಮನಿರಲಿಲ್ಲ. ಮೆರವಣಿಗೆ ನಡೆದವು, ಕೆಲಸ ಕೊಡಿ ಎಂಬ ಕೂಗೆದ್ದಿತು. 1973ರ ಮೇ ಹೊತ್ತಿಗೆ ಸುಮಾರು 50 ಲಕ್ಷ ಜನ ಸರ್ಕಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತ, ಕೆರೆ ತೋಡುತ್ತ ಕೂಲಿ ಪಡೆಯುತ್ತಿದ್ದರು.