ಮುಳುಗುವ ದ್ವೀಪಗಳು ಕೇಳಿದ ಪ್ರಶ್ನೆ: ಹವಾಮಾನದ ಲೆಕ್ಕ ಕೋರ್ಟಿಗೆ ಬಂದದ್ದು ಹೇಗೆ?

2025ರ ಜುಲೈ 23ರಂದು ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯ ಒಂದು ಸಲಹಾ ಅಭಿಪ್ರಾಯ ಕೊಟ್ಟಿತು. ಹವಾಮಾನ ಕೆಡದಂತೆ ನೋಡಿಕೊಳ್ಳುವುದು ದೇಶಗಳ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಅದು ಕಾನೂನಿನ ಹೊಣೆ ಎಂದಿತು. ಹೊಣೆ ಮರೆತ ದೇಶ ನಷ್ಟ ತುಂಬಿಕೊಡಬೇಕಾಗಬಹುದು ಎಂದೂ ಹೇಳಿತು. ಪೀಠದ ಎಲ್ಲ ನ್ಯಾಯಾಧೀಶರದ್ದೂ ಒಂದೇ ಮಾತು. ಪೀಠದಲ್ಲಿದ್ದ ಭಾರತದ ದಲ್ವೀರ್ ಭಂಡಾರಿ ಅವರೂ ಒಪ್ಪಿ ಮತ ಹಾಕಿದರು.

ಆದರೆ ಅದಕ್ಕೆ ಏಳು ತಿಂಗಳು ಮುಂಚೆ, ಅದೇ ಕೋರ್ಟಿನಲ್ಲಿ ಭಾರತ ಸರ್ಕಾರದ ಪ್ರತಿನಿಧಿ ವಾದ ಮಾಡಿದ್ದು ಬೇರೆ ದಿಕ್ಕಿನಲ್ಲಿ. ಹವಾಮಾನಕ್ಕೆ ಈಗಾಗಲೇ ಒಪ್ಪಂದಗಳಿವೆ, ಅವುಗಳಾಚೆ ಹೊಸ ಹೊಣೆಗಳನ್ನು ಸೃಷ್ಟಿಸಬೇಡಿ ಎಂಬುದು ನಮ್ಮ ನಿಲುವಾಗಿತ್ತು. ಬಡ ದೇಶಗಳ ಪರ ದಶಕಗಳಿಂದ ಮಾತಾಡಿಕೊಂಡು ಬಂದ ಭಾರತ ಹೀಗೇಕೆ ಹೇಳಿತು? ಅದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಟ್ರೇಲ್ ಅಂತ ಒಂದು ಊರು. ಅಲ್ಲೊಂದು ಸತು, ಸೀಸ ಕರಗಿಸುವ ಕಾರ್ಖಾನೆ. ಅದರ ಗಂಧಕದ ಹೊಗೆ ಕೊಲಂಬಿಯಾ ನದಿಯ ಕಣಿವೆ ಹಿಡಿದು ಗಡಿ ದಾಟಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ರೈತರ ಬೆಳೆ ಮತ್ತು ಮರಗಳನ್ನು ಸುಡುತ್ತಿತ್ತು. ಎರಡೂ ದೇಶಗಳು ಒಪ್ಪಿ ಮಧ್ಯಸ್ಥಿಕೆಗೆ ಹೋದವು. 1941ರಲ್ಲಿ ಬಂದ ತೀರ್ಪು ನೇರವಾಗಿತ್ತು: ತನ್ನ ನೆಲದಿಂದ ಎದ್ದ ಹೊಗೆ ಇನ್ನೊಂದು ದೇಶಕ್ಕೆ ಗಂಭೀರ ಹಾನಿ ಮಾಡುವಂತೆ ಬಿಡುವ ಹಕ್ಕು ಯಾವ ದೇಶಕ್ಕೂ ಇಲ್ಲ. ಇದೇ ತತ್ವ 1972ರ ಸ್ಟಾಕ್‌ಹೋಮ್ ಘೋಷಣೆಯಲ್ಲೂ 1992ರ ರಿಯೊ ಘೋಷಣೆಯಲ್ಲೂ ಸೇರಿತು. ಅಂದರೆ ಹೇಗ್ ಕೋರ್ಟು ಹೇಳಿದ್ದರಲ್ಲಿ ಹೊಸದು ಎಂಬುದು ಬಹಳ ಇಲ್ಲ. ಹಳೇ ನಿಯಮವನ್ನು ಇಂಗಾಲದ ಹೊಗೆಗೂ ಹಚ್ಚಿ ನೋಡಿ ಎಂದು ಕೇಳುವವರು ಬೇಕಿತ್ತು, ಅಷ್ಟೆ.

ಕೇಳಿದವರು ಪೆಸಿಫಿಕ್ ಸಾಗರದ ಪುಟ್ಟ ದ್ವೀಪಗಳವರು. 1991ರಲ್ಲಿ, ಹವಾಮಾನ ಒಪ್ಪಂದದ ಕರಡು ಇನ್ನೂ ತಯಾರಾಗುತ್ತಿದ್ದಾಗಲೇ, ವನುವಾಟು ಎಂಬ ದೇಶ ಎಲ್ಲ ಸಣ್ಣ ದ್ವೀಪಗಳ ಪರವಾಗಿ ಒಂದು ಪ್ರಸ್ತಾಪ ಇಟ್ಟಿತು. ಕಡಲೇರಿಕೆಯಿಂದ ಆಗುವ ನಷ್ಟಕ್ಕೆ ಒಂದು ವಿಮಾ ನಿಧಿ ಮಾಡೋಣ. ಕೈಗಾರಿಕಾ ದೇಶಗಳು ತಮ್ಮ ಆದಾಯಕ್ಕೂ ತಾವು ಉಗುಳಿದ ಇಂಗಾಲಕ್ಕೂ ತಕ್ಕಂತೆ ಅದಕ್ಕೆ ಹಣ ಹಾಕಲಿ. ಇಷ್ಟೇ. ಆ ಪ್ರಸ್ತಾಪ ಒಪ್ಪಂದದೊಳಗೆ ಬರಲಿಲ್ಲ. ಫಿಜಿ, ಕಿರಿಬಾಟಿ, ನೌರು, ತುವಾಲು ಮೊದಲಾದ ದೇಶಗಳು ಒಪ್ಪಂದಕ್ಕೆ ಸೇರುವಾಗ ಒಂದು ಹೇಳಿಕೆಯನ್ನೂ ಜೊತೆಗಿಟ್ಟವು: ಸಹಿ ಹಾಕಿದೆವು ಅಂದಮಾತ್ರಕ್ಕೆ ಹಾನಿ ಮಾಡಿದವರನ್ನು ಕಾನೂನಿನ ಪ್ರಕಾರ ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ. ಆ ಮುಂದಾಲೋಚನೆ ನೋಡಿದರೆ ನನಗೆ ಈಗಲೂ ಅವರ ಮೇಲೆ ಗೌರವ ಹೆಚ್ಚಾಗುತ್ತದೆ.

ಮುಂದಿನ ಕಾಲು ಶತಮಾನ ಮಾತುಕತೆಯಲ್ಲೇ ಕಳೆಯಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ‘ನಷ್ಟ ಮತ್ತು ಹಾನಿ’ಗೆ ಪ್ರತ್ಯೇಕ ಕಲಮು ಸಿಕ್ಕಿತು ನಿಜ. ಆದರೆ ಒಪ್ಪಂದದ ಜೊತೆಗಿನ ನಿರ್ಣಯದಲ್ಲಿ, ಈ ಕಲಮಿನ ಆಧಾರದ ಮೇಲೆ ಯಾರೂ ಹೊಣೆಗಾರಿಕೆಯನ್ನೋ ಪರಿಹಾರವನ್ನೋ ಕೇಳುವಂತಿಲ್ಲ ಎಂಬ ಸಾಲು ಸೇರಿತು. ಶ್ರೀಮಂತ ದೇಶಗಳು, ಮುಖ್ಯವಾಗಿ ಅಮೆರಿಕ, ಹಟ ಹಿಡಿದು ಹಾಕಿಸಿದ ಸಾಲು ಅದು. ಅದೇ ವರ್ಷದ ಮಾರ್ಚ್‌ನಲ್ಲಿ ‘ಪಾಮ್’ ಚಂಡಮಾರುತ ವನುವಾಟುವಿನ ಮೇಲೆ ಹಾದುಹೋಗಿತ್ತು. ಆದ ನಷ್ಟ ಆ ದೇಶದ ವಾರ್ಷಿಕ ಉತ್ಪನ್ನದ ಸುಮಾರು 64%. ಒಂದೇ ಗಾಳಿಗೆ.

ಪರಿಹಾರದ ಬದಲು ‘ನೆರವು’ ಎಂಬ ದಾರಿಯಲ್ಲಿ ಏನು ಬಂತು ಅಂತಲೂ ನೋಡಬೇಕಲ್ವಾ? ನಷ್ಟ ಮತ್ತು ಹಾನಿಗೆ ಒಂದು ನಿಧಿ ಬೇಕು ಎಂದು ದೇಶಗಳು ಒಪ್ಪಿದ್ದೇ 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ. ವನುವಾಟು ಕೇಳಿ 31 ವರ್ಷವಾದ ಮೇಲೆ. ಹೇಗ್ ಅಭಿಪ್ರಾಯ ಬರುವ ಹೊತ್ತಿಗೆ ಅದಕ್ಕೆ ಇಡೀ ಜಗತ್ತಿನಿಂದ ಬಂದ ವಾಗ್ದಾನ 80 ಕೋಟಿ ಡಾಲರಿಗಿಂತ ಕಡಿಮೆ. ಪಾಮ್ ಒಂದರಿಂದಲೇ ವನುವಾಟುವಿಗೆ ಆದ ನಷ್ಟ ಸುಮಾರು 45 ಕೋಟಿ ಡಾಲರ್!

ಕೋರ್ಟಿಗೆ ಹೋಗುವ ಮಾತು 2011ರಲ್ಲೇ ಪಲಾವ್ ಎಂಬ ದ್ವೀಪರಾಷ್ಟ್ರದಿಂದ ಬಂದಿತ್ತು. ಬೆಂಬಲ ಸಾಲದೆ ಅಲ್ಲಿಗೇ ನಿಂತಿತು. 2019ರಲ್ಲಿ ಅದನ್ನು ಮತ್ತೆ ಎತ್ತಿಕೊಂಡವರು ವಿದ್ಯಾರ್ಥಿಗಳು. ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ವಿಭಾಗ ಇರುವುದು ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದಲ್ಲಿ. ಅಲ್ಲಿ ಓದುತ್ತಿದ್ದ 27 ಮಂದಿ ಸೇರಿ ಒಂದು ಸಂಘಟನೆ ಕಟ್ಟಿದರು. ಪೆಸಿಫಿಕ್ ದೇಶಗಳ ನಾಯಕರಿಗೆ ಪತ್ರ ಬರೆದರು. ವನುವಾಟು ಸರ್ಕಾರ, ಅದರಲ್ಲೂ ಸಚಿವ ರಾಲ್ಫ್ ರೆಗೆನ್‌ವಾನು, ಅವರ ಕೈಹಿಡಿದರು. ಒಂದೊಂದೇ ದೇಶವನ್ನು ಒಪ್ಪಿಸುತ್ತಾ ಹೋಗಿ, 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ, ಹೇಗ್ ಕೋರ್ಟಿನ ಅಭಿಪ್ರಾಯ ಕೇಳುವ ನಿರ್ಣಯ ಒಮ್ಮತದಿಂದ ಪಾಸಾಯಿತು. ಅದೇ ತಿಂಗಳ ಮೊದಲ ವಾರದಲ್ಲಿ ಜೂಡಿ, ಕೆವಿನ್ ಎಂಬ ಎರಡು ಚಂಡಮಾರುತಗಳು ಬೆನ್ನುಬೆನ್ನಿಗೆ ವನುವಾಟುವನ್ನು ಹೊಡೆದಿದ್ದವು.

ಈ ಹೊತ್ತಿಗೆ ಬೇರೆ ಕಡೆಯೂ ಜನ ಕೋರ್ಟು ಹತ್ತಿದ್ದರು. ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಎರಡು ಕೇಸುಗಳು.

ಒಂದು, ಆಸ್ಟ್ರೇಲಿಯಾದ ಉತ್ತರ ತುದಿಯ ಟಾರಸ್ ಜಲಸಂಧಿಯ ದ್ವೀಪವಾಸಿಗಳದ್ದು. ಉಬ್ಬರದ ನೀರು ಅವರ ಹಿರಿಯರ ಗೋರಿಗಳನ್ನು ಕೊರೆದುಕೊಂಡು ಹೋಗಿತ್ತು. ಉಪ್ಪುನೀರು ನುಗ್ಗಿ ತೋಟಗಳು ಹಾಳಾಗಿದ್ದವು. ಅವರಿಗೆ ಸತ್ತವರ ನೆಲದ ಜೊತೆಗಿನ ನಂಟೇ ಸಂಸ್ಕೃತಿ. 2022ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, ಸಕಾಲದಲ್ಲಿ ರಕ್ಷಣೆ ಕೊಡದೆ ಆಸ್ಟ್ರೇಲಿಯಾ ಇವರ ಮನೆ, ಕುಟುಂಬ, ಸಂಸ್ಕೃತಿಯ ಹಕ್ಕು ಮುರಿದಿದೆ ಎಂದಿತು. ಆದರೆ ಅದೇ ಜಲಸಂಧಿಯ ಬೋಯಿಗು, ಸಾಯಿಬಾಯಿ ದ್ವೀಪಗಳ ಇಬ್ಬರು ಹಿರಿಯರು ಆಸ್ಟ್ರೇಲಿಯಾದ ಕೋರ್ಟಿನಲ್ಲೇ ಹೂಡಿದ್ದ ಇನ್ನೊಂದು ದಾವೆ 2025ರ ಜುಲೈ 15ರಂದು ಬಿದ್ದುಹೋಯಿತು. ದ್ವೀಪಗಳು ಹಾಳಾಗುತ್ತಿರುವುದನ್ನು ನ್ಯಾಯಾಧೀಶರು ಒಪ್ಪಿದರು, ದೇಶದ ಈಗಿನ ಕಾನೂನಿನಲ್ಲಿ ಪರಿಹಾರಕ್ಕೆ ದಾರಿಯಿಲ್ಲ ಎಂದರು. ಹೇಗ್‌ನ ಅಭಿಪ್ರಾಯ ಬಂದದ್ದು ಸರಿಯಾಗಿ ಎಂಟು ದಿನಕ್ಕೆ.

ಇನ್ನೊಂದು, ಪೆರು ದೇಶದ ಒಬ್ಬ ರೈತನದ್ದು. ಹುವಾರಾಸ್ ಊರಿನ ಮೇಲ್ಗಡೆ ಹಿಮನದಿ ಕರಗಿ ಸರೋವರ ತುಂಬುತ್ತಿದೆ, ಅದು ಒಡೆದರೆ ನನ್ನ ಮನೆ ಕೊಚ್ಚಿಹೋಗುತ್ತದೆ ಎಂದು ಅವರು 2015ರಲ್ಲಿ ಜರ್ಮನಿಯ ವಿದ್ಯುತ್ ಕಂಪನಿ ಆರ್‌ಡಬ್ಲ್ಯುಇ ಮೇಲೆ ದಾವೆ ಹೂಡಿದರು. ಅವರು ಕೇಳಿದ್ದು ಕೋಟಿಗಳನ್ನಲ್ಲ. ಜಗತ್ತಿನ ಒಟ್ಟು ಇಂಗಾಲದಲ್ಲಿ ಆ ಕಂಪನಿಯ ಪಾಲು 0.47% ಎಂಬ ಅಂದಾಜಿತ್ತು. ಹಾಗಾದರೆ ಊರನ್ನು ಕಾಪಾಡುವ ಖರ್ಚಿನಲ್ಲೂ 0.47% ಕೊಡಲಿ ಎಂದರು. 2025ರ ಮೇ ತಿಂಗಳಲ್ಲಿ ಹಾಮ್ ಊರಿನ ಕೋರ್ಟು ಕೇಸು ವಜಾ ಮಾಡಿತು. ಆ ಒಂದು ಮನೆಗೆ ಪ್ರವಾಹ ತಟ್ಟುವ ಸಂಭವ ತೀರಾ ಕಡಿಮೆ ಎಂಬುದು ಕಾರಣ. ಆದರೆ ದೂರದ ದೇಶದ ಕಂಪನಿ ತನ್ನ ಪಾಲಿನ ಹೊಗೆಗೆ ಹೊಣೆಯಾಗಬಹುದು ಎಂಬ ತತ್ವವನ್ನು ಕೋರ್ಟು ಒಪ್ಪಿತು. ‘ಎಲ್ಲರೂ ಹೊಗೆ ಬಿಟ್ಟಿದ್ದಾರೆ, ನನ್ನೊಬ್ಬನನ್ನೇ ಯಾಕೆ ಕೇಳ್ತೀರಿ’ ಎಂಬ ಹಳೇ ಜಾರಿಕೆ ಅಲ್ಲಿಗೆ ಸಡಿಲವಾಯಿತು. ದೊಡ್ಡ ದೇಶಗಳೂ ಹೇಗ್‌ನಲ್ಲಿ ಈ ಜಾರಿಕೆಯನ್ನೇ ನೆಚ್ಚಿಕೊಂಡಿದ್ದವು.

ಹೇಗ್‌ನಲ್ಲಿ ವಿಚಾರಣೆ ನಡೆದದ್ದು 2024ರ ಡಿಸೆಂಬರ್ 2ರಿಂದ 13ರವರೆಗೆ. 96 ದೇಶಗಳು, 11 ಅಂತರರಾಷ್ಟ್ರೀಯ ಸಂಸ್ಥೆಗಳು ಬಂದು ಮಾತಾಡಿದವು. ಅಮೆರಿಕ, ಚೀನಾ, ಸೌದಿ ಅರೇಬಿಯಾಗಳು ಬೇರೆ ವಿಷಯಗಳಲ್ಲಿ ಎಷ್ಟೇ ಕಿತ್ತಾಡಿದರೂ ಇಲ್ಲಿ ಒಂದೇ ಕಡೆ ವಾಲಿದವು: ಹವಾಮಾನ ಒಪ್ಪಂದಗಳಷ್ಟೇ ಸಾಕು. ಭಾರತವೂ ಅತ್ತಲೇ ನಿಂತಿತು.

ಭಾರತದ ಅಳುಕು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕದಲ್ಲಿ ಸುಮಾರು 14 ಟನ್. ಬಡ ರೈತನ ಭತ್ತದ ಗದ್ದೆಯಿಂದ ಏಳುವ ಮೀಥೇನ್ ಅನಿಲವೂ ಶ್ರೀಮಂತರ ಕಾರು ಉಗುಳುವ ಇಂಗಾಲವೂ ಒಂದೇ ಅಲ್ಲ ಎಂದು ದೆಹಲಿಯ ಪರಿಸರ ತಜ್ಞರಾದ ಅನಿಲ್ ಅಗರ್ವಾಲ್, ಸುನಿತಾ ನಾರಾಯಣ್ 1991ರಲ್ಲೇ ವಾದಿಸಿದ್ದರು. ಐತಿಹಾಸಿಕ ಹೊಣೆ ಶ್ರೀಮಂತರದ್ದು ಎಂದು ಹೇಗ್‌ನಲ್ಲೂ ಭಾರತ ಗಟ್ಟಿಯಾಗಿಯೇ ಹೇಳಿತು. ಇಂದಿನ ಒಟ್ಟು ಲೆಕ್ಕದಲ್ಲಿ ಮೂರನೇ ಸ್ಥಾನದಲ್ಲಿರುವ ದೇಶಕ್ಕೆ ನಾಳೆ ನಮ್ಮ ಮೇಲೂ ಕೇಸು ಬಂದರೆ ಎಂಬ ಭಯ ಸಹಜ. ಆದರೂ ಆ ನಿಲುವು ತಪ್ಪು ಅಂತಲೇ ನನ್ನ ಅಭಿಪ್ರಾಯ. ಸಾಲಗಾರ ತಾನೇ ಬರೆದ ಕರಾರನ್ನಷ್ಟೇ ನೋಡಿ ಎಂದರೆ, ಸಾಲ ಬರಬೇಕಾದವನೂ ಹೌದು ಹೌದು ಎಂದ ಹಾಗಾಯಿತು. ಒಪ್ಪಂದದ ದಾರಿಯಲ್ಲಿ ನಮಗೇನು ಸಿಕ್ಕಿತು? 2024ರ ನವೆಂಬರ್‌ನಲ್ಲಿ ಬಾಕು ನಗರದ ಹವಾಮಾನ ಸಮ್ಮೇಳನದಲ್ಲಿ, ಬಡ ದೇಶಗಳಿಗೆ ನೆರವು ವರ್ಷಕ್ಕೆ 30 ಸಾವಿರ ಕೋಟಿ ಡಾಲರ್ ಎಂದು ಸುತ್ತಿಗೆ ಬಡಿದಾಗ, ಇದು ಸಾಲದು, ನಾವು ಒಪ್ಪುವುದಿಲ್ಲ ಎಂದು ಎದ್ದು ನಿಂತದ್ದು ಭಾರತದ ಪ್ರತಿನಿಧಿಯೇ. ಹೇಗ್ ವಿಚಾರಣೆಗೆ ಆಗ ಇನ್ನು ಕೆಲವೇ ದಿನ ಬಾಕಿ.

ಕೋರ್ಟು ‘ಒಪ್ಪಂದಗಳಷ್ಟೇ ಸಾಕು’ ವಾದವನ್ನು ತಳ್ಳಿಹಾಕಿತು. ಕಲ್ಲಿದ್ದಲು, ತೈಲ, ಗ್ಯಾಸಿಗೆ ಹೊಸ ಪರವಾನಗಿ ಕೊಡುವುದು, ಸಬ್ಸಿಡಿ ಕೊಡುವುದೂ ಹೊಣೆ ಮುರಿದಂತೆ ಆಗಬಹುದು ಎಂದಿತು. ಸ್ವಚ್ಛ ಪರಿಸರ ಇಲ್ಲದೆ ಉಳಿದ ಮಾನವ ಹಕ್ಕುಗಳು ಅನುಭವಕ್ಕೆ ಬರುವುದಿಲ್ಲ ಎಂದಿತು. ನೆಲ ಮುಳುಗಿದ ಮಾತ್ರಕ್ಕೆ ಒಂದು ದೇಶ ದೇಶವಾಗಿ ಉಳಿಯುವುದಿಲ್ಲ ಎಂದೇನೂ ಇಲ್ಲ ಎಂದಿತು. ತುವಾಲುವಿನಂಥವರಿಗೆ ಇದು ದೊಡ್ಡ ಆಸರೆ.

ಆದರೆ ಹಾನಿಗೂ ಹೊಗೆಗೂ ನಂಟು ಪ್ರತಿ ಕೇಸಿನಲ್ಲೂ ತೋರಿಸಲೇಬೇಕು. ಅದು ಸುಲಭವಲ್ಲ. ಮಂಗಳೂರು ಪಕ್ಕದ ನಮ್ಮ ಉಳ್ಳಾಲವನ್ನೇ ನೋಡಿ. ಪ್ರತಿ ಮಳೆಗಾಲ ಕಡಲ್ಕೊರೆತ, ಪ್ರತಿ ವರ್ಷ ಕಲ್ಲು ಹಾಕುವ ಕೆಲಸ. ಏರುವ ಕಡಲೆಷ್ಟು, ಅಳಿವೆ ಬಾಗಿಲಲ್ಲಿ ಕಟ್ಟಿದ ತಡೆಗೋಡೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಇನ್ನೂ ಒಂದು ತೊಡಕಿದೆ. ಸಲಹಾ ಅಭಿಪ್ರಾಯವನ್ನು ಯಾರ ಮೇಲೂ ಜಾರಿ ಮಾಡಿಸಲು ಆಗದು. ನೇರ ಕೇಸು ಹಾಕಬೇಕಾದರೆ ಎದುರಿನ ದೇಶ ಕೋರ್ಟಿನ ಅಧಿಕಾರ ಒಪ್ಪಿರಬೇಕು. ಅಮೆರಿಕ 1980ರ ದಶಕದಲ್ಲೇ ಆ ಒಪ್ಪಿಗೆ ಹಿಂತೆಗೆದುಕೊಂಡಿದೆ, ಚೀನಾ ಕೊಟ್ಟಿಲ್ಲ. ಭಾರತ ಒಪ್ಪಿದ್ದರೂ ಕಾಮನ್‌ವೆಲ್ತ್ ದೇಶಗಳ ಜೊತೆಗಿನ ವ್ಯಾಜ್ಯಗಳನ್ನು ಹೊರಗಿಟ್ಟಿದೆ. ವನುವಾಟು ಕಾಮನ್‌ವೆಲ್ತ್ ದೇಶ.

ಹಾಗಾಗಿ ಈ ಅಭಿಪ್ರಾಯ ನಿಜವಾಗಿ ಕೆಲಸಕ್ಕೆ ಬರುವುದು ಆಯಾ ದೇಶದ ಕೋರ್ಟುಗಳಲ್ಲಿ. ನಮ್ಮ ಸುಪ್ರೀಂ ಕೋರ್ಟು 2024ರ ಮಾರ್ಚ್ 21ರಂದು, ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಕೇಸಿನಲ್ಲಿ, ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿ ಹಕ್ಕು ಎಂದು ಹೇಳಿದೆ. ಹಾಗಾಗಿ ಹೇಗ್‌ನಲ್ಲಿ ಸರ್ಕಾರ ಬೇಡ ಅಂದ ಪ್ರಶ್ನೆಗೆ ಅದು ದೆಹಲಿಯಲ್ಲಿ, ಬೆಂಗಳೂರಿನಲ್ಲಿ ತನ್ನದೇ ಜನರ ಎದುರು ಉತ್ತರ ಕೊಡಬೇಕಾಗಿ ಬರಬಹುದು.